ಗೊಂಬೆ ಸಿನಿಮಾ ಅಂತ ಹಾಕಿದೆ, ನನಗೇ ಮೈ ಜುಮ್ ಅಂತು: ಮಗಳಿಗೆ ‘ಕೊರಲೈನ್’ ಪೂರ್ತಿ ತೋರಿಸಬಹುದಾ?

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಕ್ಲಾಸಿನ ಫ್ರೆಂಡ್ಸ್ ಎಲ್ಲ ‘ಕೊರಲೈನ್’ ಸಿನಿಮಾ ನೋಡಿದ್ದಾರಂತೆ, ತನಗೂ ಬೇಕು ಅಂತ ಹಠ ಹಿಡಿದಳು. ಗೊಂಬೆ ಸಿನಿಮಾ ಅಲ್ವಾ ಅಂತ ಹಾಕಿ ಪಕ್ಕದಲ್ಲೇ ಕೂತೆ. ಶುರುವಾದ ಕೂಡಲೇ ನನಗೆ ಮೈ ಜುಮ್ ಅಂತು. ಕಣ್ಣಿನ ಜಾಗದಲ್ಲಿ ಗುಂಡಿ ಇರುವ ಅಮ್ಮ ತಿರುಗಿ ನೋಡಿದಾಗ ಆಫ್ ಮಾಡಿಬಿಟ್ಟೆ. ಮಗಳು ಅಳಲಿಲ್ಲ. ಆದರೆ ‘ಆಮೇಲೆ ಏನಾಯ್ತು’ ಅಂತ ದಿನಾ ಕೇಳುತ್ತಾಳೆ. ರಾತ್ರಿ ನನ್ನ ಪಕ್ಕದಿಂದ ಏಳುವುದಿಲ್ಲ. ಕಂಪ್ಯೂಟರ್ ಅನಿಮೇಷನ್ ಸಿನಿಮಾಗಳಲ್ಲಿ ದೆವ್ವ, ರಾಕ್ಷಸ ಎಲ್ಲ ನೋಡಿದ್ದಾಳೆ, ಏನೂ ಆಗಿರಲಿಲ್ಲ. ಇದು ಮಾತ್ರ ಯಾಕೆ ಹೀಗೆ? ಪೂರ್ತಿ ತೋರಿಸಲಾ, ಬೇಡವಾ?

ಉತ್ತರ: ತೋರಿಸಿ. ಆದರೆ ಇವತ್ತೇ ಬೇಡ. ಇವತ್ತು ಮಾಡಬೇಕಾದ ಕೆಲಸ ಬೇರೆ ಇದೆ. ಕಥೆ ಕೊನೆಗೆ ಏನಾಗುತ್ತದೆ ಅಂತ ಮಗಳಿಗೆ ಬಾಯಲ್ಲೇ ಹೇಳಿಬಿಡಿ.

ನೀವು ನಿಲ್ಲಿಸಿದ್ದು ತೀರಾ ತಪ್ಪು ಜಾಗದಲ್ಲಿ. ಅದು ನಿಮಗೆ ಗೊತ್ತಾಗುವ ದಾರಿಯೂ ಇರಲಿಲ್ಲ ಬಿಡಿ. 100 ನಿಮಿಷದ ಸಿನಿಮಾದಲ್ಲಿ ಗುಂಡಿ ಕಣ್ಣಿನ ಅಮ್ಮ ಮೊದಲು ಕಾಣಿಸಿಕೊಳ್ಳುವುದು ಬಲೆ ಹಾಸುವ ಹೊತ್ತಿನಲ್ಲಿ. ಹುಡುಗಿ ಬಲೆಯಿಂದ ಪಾರಾಗುವುದು ಕೊನೆಯ ಭಾಗದಲ್ಲಿ. ನಿಮ್ಮ ಮಗಳ ತಲೆಯಲ್ಲಿ ಈಗ ಬಲೆ ಇದೆ, ಪಾರಾಗುವ ದಾರಿ ಇಲ್ಲ. ಉಳಿದ ಕಥೆಯನ್ನು ಅವಳು ರಾತ್ರಿ ಕತ್ತಲಲ್ಲಿ ತಾನೇ ಕಟ್ಟಿಕೊಳ್ಳುತ್ತಿದ್ದಾಳೆ. ಮಕ್ಕಳು ಹಾಗೆ ಕಟ್ಟಿಕೊಳ್ಳುವ ಕಥೆ ಯಾವ ನಿರ್ದೇಶಕನ ಕಥೆಗಿಂತಲೂ ಜಾಸ್ತಿ ಭಯಂಕರವಾಗಿರುತ್ತದೆ.

ಕೊನೆ ಹೀಗಿದೆ. ಕೊರಲೈನ್ ಗೆಲ್ಲುತ್ತಾಳೆ. ಅಪ್ಪ ಅಮ್ಮ ವಾಪಸ್ ಬರುತ್ತಾರೆ. ಹಿಂದೆ ಅದೇ ಬಲೆಗೆ ಬಿದ್ದಿದ್ದ ಮೂರು ಮಕ್ಕಳ ಆತ್ಮಗಳಿಗೂ ಬಿಡುಗಡೆ ಸಿಗುತ್ತದೆ. ಗುಂಡಿ ಕಣ್ಣಿನವಳು ತನ್ನ ಲೋಕದಲ್ಲೇ ಸಿಕ್ಕಿಕೊಳ್ಳುತ್ತಾಳೆ. ಕೊರಲೈನ್‌ಳ ಬೆನ್ನು ಹತ್ತಿ ಬಂದ ಅವಳ ಸೂಜಿ ಕೈ ಪುಡಿಯಾಗಿ, ಬೀಗದ ಕೈ ಸಮೇತ ಹಳೇ ಬಾವಿಗೆ ಬೀಳುತ್ತದೆ. ಇಷ್ಟನ್ನು ಊಟಕ್ಕೆ ಕೂತಾಗ ಕಥೆ ಹೇಳಿದ ಹಾಗೆ ಹೇಳಿ. ಸಸ್ಪೆನ್ಸ್ ಹೋಗುತ್ತದಲ್ಲ ಅಂತ ಚಿಂತೆ ಬೇಡ. ಮಕ್ಕಳು ಕೊನೆ ಗೊತ್ತಿರುವ ಕಥೆಯನ್ನೇ ಹತ್ತು ಸಲ ಕೇಳುತ್ತಾರೆ. ಆಮೇಲೂ ‘ನೋಡಬೇಕು’ ಅಂದರೆ ಜೊತೆಯಲ್ಲಿ ಕೂತು ತೋರಿಸಿ. ‘ಬೇಡ’ ಅಂದರೆ ಅಲ್ಲಿಗೆ ಬಿಡಿ, ಎರಡು ವರ್ಷ ಕಳೆದ ಮೇಲೆ ನೋಡಿದರಾಯಿತು. ನಾನು ಗೊಂಬೆ ಅನಿಮೇಷನ್ ಕಲಿಸುವವನು, ಮಕ್ಕಳ ಮನಸ್ಸಿನ ಡಾಕ್ಟರ್ ಅಲ್ಲ. ಕಥೆ ಹೇಳಿದ ಮೇಲೂ ವಾರಗಟ್ಟಲೆ ನಿದ್ದೆ ಕೆಡುತ್ತಿದ್ದರೆ ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ಇನ್ನು ‘ಇದು ಮಾತ್ರ ಯಾಕೆ ಹೀಗೆ’ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ ಅದು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲ ಕಾರಣ, ನೀವು ನೋಡಿದ ಪ್ರತಿಯೊಂದು ವಸ್ತುವೂ ನಿಜವಾಗಿ ಇತ್ತು. ಕೊರಲೈನ್ ಸುಮಾರು ಒಂಬತ್ತು ಇಂಚು ಎತ್ತರದ ಗೊಂಬೆ. ಒಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ, ಮೇಲೆ ಸಿಲಿಕೋನ್ ಮತ್ತು ರಬ್ಬರಿನಂಥ ಚರ್ಮ. ಅವಳ ಸ್ವೆಟರನ್ನು ಅಲ್ತಿಯಾ ಕ್ರೋಮ್ ಎಂಬ ಕಲಾವಿದೆ ಕೂದಲೆಳೆಯಂಥ ತೆಳು ಸೂಜಿಗಳಲ್ಲಿ ಹೆಣೆದರು. ತೋಟದಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟ ಮರಗಳಿವೆಯಲ್ಲ, ಆ ಹೂಗಳು ಬಣ್ಣ ಹಚ್ಚಿದ ಪಾಪ್‌ಕಾರ್ನ್! ಈ ಗೊಂಬೆಯನ್ನು ಒಬ್ಬರು ಕೂದಲೆಳೆಯಷ್ಟು ಕದಲಿಸುತ್ತಾರೆ. ಕೈ ಹಿಂದಕ್ಕೆ ತೆಗೆಯುತ್ತಾರೆ. ಒಂದು ಫೋಟೊ. ಮತ್ತೆ ಸ್ವಲ್ಪ ಕದಲಿಸಿ ಇನ್ನೊಂದು ಫೋಟೊ. ಪರದೆಯ ಮೇಲೆ ಒಂದು ಸೆಕೆಂಡ್ ಓಡಬೇಕಾದರೆ 24 ಚಿತ್ರ ಬೇಕು. ಅಮೆರಿಕದ ಒರೆಗನ್ ರಾಜ್ಯದ ಲೈಕಾ ಸ್ಟುಡಿಯೊದಲ್ಲಿ, ಹೆನ್ರಿ ಸೆಲಿಕ್ ನಿರ್ದೇಶನದಲ್ಲಿ, ಒಂದೂವರೆ ವರ್ಷದಷ್ಟು ಕಾಲ ಶೂಟಿಂಗ್ ನಡೆದು 2009ರಲ್ಲಿ ಸಿನಿಮಾ ತೆರೆಗೆ ಬಂತು. ಅದು ಆ ಸ್ಟುಡಿಯೊದ ಮೊದಲ ಪೂರ್ಣ ಸಿನಿಮಾ.

ನೋಡುವ ಮಗುವಿಗೆ ಇದೆಲ್ಲ ಗೊತ್ತಿಲ್ಲ. ಆದರೆ ಕಣ್ಣಿಗೆ ಗೊತ್ತಾಗುತ್ತದೆ. ಉಣ್ಣೆಯ ಎಳೆ ನಿಜವಾದ ಉಣ್ಣೆ, ಅದರ ಮೇಲೆ ಬಿದ್ದ ಬೆಳಕು ನಿಜವಾದ ದೀಪದ್ದು. ಮುಟ್ಟಬಹುದಾದ ವಸ್ತು ಅಂತ ಕಣ್ಣು ನಂಬಿಬಿಡುತ್ತದೆ. ಮುಟ್ಟಬಹುದಾದ ಗೊಂಬೆ ತಾನಾಗಿಯೇ ತಲೆ ತಿರುಗಿಸಿದರೆ ಹೇಗಿರುತ್ತದೆ? ಅದೇ ನಿಮ್ಮ ಮೈ ಜುಮ್ ಅನ್ನಿಸಿದ್ದು.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು. ನಿಮ್ಮ ಮಗಳು ಓಡುವಾಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಬೆಳಕು ಕಮ್ಮಿ ಇದ್ದರೆ ಕೈಕಾಲು ಮಸುಕಾಗಿ ಬರುತ್ತವೆ. ಮಾಮೂಲಿ ಸಿನಿಮಾದ ಪ್ರತಿ ಚಿತ್ರದಲ್ಲೂ ಆ ಮಸುಕು ಇರುತ್ತದೆ. ಕಂಪ್ಯೂಟರ್ ಅನಿಮೇಷನ್‌ನಲ್ಲಿ ಅದನ್ನು ಬೇಕಂತಲೇ ಸೇರಿಸುತ್ತಾರೆ. ಚಲನೆ ನಮಗೆ ಸಹಜ ಅನ್ನಿಸುವುದಕ್ಕೆ ಆ ಮಸುಕೂ ಒಂದು ಕಾರಣ. ಗೊಂಬೆ ಅನಿಮೇಷನ್‌ನಲ್ಲಿ ಫೋಟೊ ತೆಗೆಯುವ ಹೊತ್ತಿಗೆ ಗೊಂಬೆ ಅಲುಗಾಡದೆ ನಿಂತಿರುತ್ತದೆ. ಹಾಗಾಗಿ ಎಷ್ಟೇ ಜೋರಾಗಿ ಓಡುವ ದೃಶ್ಯವಾದರೂ ಪ್ರತಿ ಚಿತ್ರವೂ ಚೂಪಾಗಿ, ಸ್ಪಷ್ಟವಾಗಿ ಇರುತ್ತದೆ. ಅದರ ಜೊತೆಗೆ ಬಟ್ಟೆಯ ಮಡಿಕೆ, ಕೂದಲು, ತುಪ್ಪಳ ಇವೆಲ್ಲ ಪ್ರತಿ ಸಲ ಬೆರಳು ತಾಗಿದಾಗ ಒಂದಿಷ್ಟು ಜಾಗ ಬಿಡುತ್ತವೆ. 1933ರ ‘ಕಿಂಗ್ ಕಾಂಗ್’ ನೋಡಿದ್ದರೆ ಆ ದೈತ್ಯ ಕೋತಿಯ ಮೈಮೇಲಿನ ಕೂದಲು ಸದಾ ಅಲೆಯಾಡುವುದನ್ನು ಗಮನಿಸಿರುತ್ತೀರಿ. ಅದು ಗಾಳಿಯಲ್ಲ, ಗೊಂಬೆಯನ್ನು ಹಿಡಿದ ಬೆರಳುಗಳ ಗುರುತು.

ಬದುಕಿದೆ ಅನ್ನಿಸುತ್ತದೆ, ಆದರೆ ನಾವು ಬದುಕಿರುವ ಹಾಗೆ ಅಲ್ಲ. ದೆವ್ವ ತೋರಿಸಲು ಇದಕ್ಕಿಂತ ಒಳ್ಳೆಯ ವಿದ್ಯೆ ಬೇರೆ ಇಲ್ಲ ಅಂತ ನಾನು ನಂಬಿದ್ದೇನೆ. ಈ ಕಲೆಯ ಮೊದಮೊದಲ ದಿನಗಳೂ ಹಾಗೇ ಇದ್ದವು. 1910ರ ಸುಮಾರಿಗೆ ವ್ಲಾಡಿಸ್ಲಾವ್ ಸ್ಟಾರೆವಿಚ್ ಎಂಬಾತ ಲಿಥುವೇನಿಯಾದಲ್ಲಿ ದುಂಬಿಗಳ ಕಾಳಗ ಚಿತ್ರೀಕರಿಸಲು ಹೊರಟ. ದೀಪ ಹಚ್ಚಿದರೆ ದುಂಬಿಗಳು ಕದಲುತ್ತಲೇ ಇರಲಿಲ್ಲ. ಕೊನೆಗೆ ಸತ್ತ ದುಂಬಿಗಳನ್ನು ತಂದು, ಕಾಲುಗಳಿಗೆ ತಂತಿ ಕಟ್ಟಿ, ಒಂದೊಂದೇ ಚಿತ್ರ ತೆಗೆದು ಜಗಳ ಆಡಿಸಿದ. ಅವನ ದುಂಬಿಗಳು ತರಬೇತಿ ಪಡೆದ ಜೀವಂತ ಹುಳಗಳು ಅಂತ ನಂಬಿದವರೂ ಆಗ ಇದ್ದರು. 1963ರ ಸಿನಿಮಾವೊಂದರಲ್ಲಿ ಗೊಂಬೆ ಅನಿಮೇಷನ್ ಕಲಾವಿದ ರೇ ಹ್ಯಾರಿಹೌಸನ್ ಏಳು ಅಸ್ಥಿಪಂಜರದ ಗೊಂಬೆಗಳಿಗೆ ಕತ್ತಿ ಹಿಡಿಸಿ ನಿಜವಾದ ನಟರ ಜೊತೆ ಕಾದಾಡಿಸಿದರು. ಕೆಲವೇ ನಿಮಿಷಗಳ ಆ ಕಾಳಗಕ್ಕೆ ನಾಲ್ಕು ತಿಂಗಳಿಗಿಂತ ಜಾಸ್ತಿ ಹಿಡಿಯಿತು. ಸತ್ತದ್ದನ್ನು, ಜೀವ ಇಲ್ಲದ್ದನ್ನು ನಡೆಸುವುದೇ ಈ ಕೆಲಸ. ಅದರಲ್ಲಿ ಒಂದು ಭಯ ಹುಟ್ಟಿನಿಂದಲೇ ಇದೆ. ಕಂಪ್ಯೂಟರಿನ ರಾಕ್ಷಸನಿಗೆ ನಿಮ್ಮ ಮಗಳು ಹೆದರದೆ ಇಲ್ಲಿ ಹೆದರಿದ್ದರೆ ಅವಳ ಕಣ್ಣು ಚುರುಕಾಗಿದೆ ಅಂತ ಅರ್ಥ.

ಈಗ ಆ ಶುರುವಿನ ದೃಶ್ಯಕ್ಕೆ ಬರೋಣ. ನಿಮ್ಮ ಮೈ ಜುಮ್ ಅನ್ನಿಸಿದ್ದು ಅದೇ ಇರಬೇಕು. ಕತ್ತಲಲ್ಲಿ ಕಿಟಕಿಯಿಂದ ಒಂದು ಬಟ್ಟೆ ಗೊಂಬೆ ತೇಲಿ ಬರುತ್ತದೆ. ಸೂಜಿಗಳನ್ನೇ ಜೋಡಿಸಿ ಮಾಡಿದಂಥ ಎರಡು ಲೋಹದ ಕೈಗಳು ಅದನ್ನು ಹಿಡಿಯುತ್ತವೆ. ಗೊಂಬೆಯ ಬಟ್ಟೆ ಬಿಚ್ಚುತ್ತವೆ. ಗುಂಡಿ ಕಣ್ಣು ಕಿತ್ತು, ಹೊಲಿಗೆ ಬಿಚ್ಚಿ, ಒಳಗಿನದ್ದನ್ನೆಲ್ಲ ಹೊರಗೆಳೆದು, ಒಳಮೈ ಹೊರಮೈ ಮಾಡಿ ಮತ್ತೆ ತುಂಬುತ್ತವೆ. ಹೊಸ ಗುಂಡಿ ಆರಿಸಿ ಹೊಲಿಯುತ್ತವೆ. ಸೂಜಿ ನಮ್ಮ ಮುಖಕ್ಕೇ ಬರುತ್ತದೆ. ಕೊನೆಗೆ ನೋಡಿದರೆ ಗೊಂಬೆಗೆ ನೀಲಿ ಕೂದಲು, ಹಳದಿ ರೇನ್‌ಕೋಟು. ಅದು ನಾವಿನ್ನೂ ಭೇಟಿಯಾಗದ ಕೊರಲೈನ್! ಇಷ್ಟೂ ದೃಶ್ಯದಲ್ಲಿ ಒಂದು ಹನಿ ರಕ್ತ ಇಲ್ಲ. ಯಾರೂ ಕಿರುಚುವುದಿಲ್ಲ. ಹಿನ್ನೆಲೆಯಲ್ಲಿ ಬ್ರೂನೊ ಕೂಲೆ ಅವರ ಸಂಗೀತದಲ್ಲಿ ಮಕ್ಕಳ ದನಿ ಹಾಡುತ್ತಿರುತ್ತದೆ, ಅಷ್ಟೇ. ಆ ಕೈಗಳು ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ, ಎಷ್ಟು ಅಕ್ಕರೆಯಿಂದ ಮಾಡುತ್ತವೆ ಅನ್ನುವುದರಲ್ಲೇ ಹೆದರಿಕೆ ಇದೆ.

ಕಥೆ ಸರಳ. 11 ವರ್ಷದ ಕೊರಲೈನ್ ಅಪ್ಪ ಅಮ್ಮನ ಜೊತೆ ಮಿಷಿಗನ್‌ನಿಂದ ಒರೆಗನ್ನಿನ ಒಂದು ಹಳೇ ಮನೆಗೆ ಬಂದಿದ್ದಾಳೆ. ಇಬ್ಬರೂ ತೋಟಗಾರಿಕೆಯ ಕೆಟಲಾಗ್ ಬರೆಯುವ ಗಡಿಬಿಡಿಯಲ್ಲಿದ್ದಾರೆ, ಮಗಳಿಗೆ ಸಮಯ ಇಲ್ಲ. ಗೋಡೆಯಲ್ಲಿ ಒಂದು ಪುಟ್ಟ ಬಾಗಿಲು. ಹಗಲಲ್ಲಿ ತೆರೆದರೆ ಇಟ್ಟಿಗೆ, ರಾತ್ರಿ ತೆರೆದರೆ ದಾರಿ. ಆಚೆ ಇದೇ ಮನೆ, ಇದೇ ಅಡುಗೆಮನೆ, ಇನ್ನೊಬ್ಬ ಅಮ್ಮ. ಅವಳು ಒಲೆ ಮುಂದೆ ಹಾಡು ಗುನುಗುತ್ತಿದ್ದಾಳೆ. ನಿಜವಾದ ಅಮ್ಮನಿಗೆ ಅಡುಗೆ ಅಂದರೆ ಆಗದು. ಇವಳು ಊಟಕ್ಕೆ ಏನು ಬೇಕೋ ಎಲ್ಲ ಮಾಡಿಟ್ಟಿದ್ದಾಳೆ. ತೂಗುದೀಪವೇ ಕೆಳಗಿಳಿದು ಮಾವಿನ ಹಣ್ಣಿನ ಮಿಲ್ಕ್‌ಶೇಕ್ ಸುರಿಯುತ್ತದೆ. ಇಲ್ಲೇ ಇದ್ದುಬಿಡು ಅನ್ನುತ್ತಾಳೆ. ಒಂದೇ ಷರತ್ತು, ಕಣ್ಣಿನ ಜಾಗಕ್ಕೆ ಗುಂಡಿ ಹೊಲಿಸಿಕೊಳ್ಳಬೇಕು.

ನಮ್ಮಲ್ಲಿ 1990ರ ದಶಕದಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ನೆನಪಿದೆಯಾ? ರಾತ್ರಿ ಬಾಗಿಲು ತಟ್ಟುವ ಆ ದೆವ್ವ ವಿಕಾರವಾಗಿ ಕೂಗುತ್ತಿರಲಿಲ್ಲ. ಅಮ್ಮನ ದನಿಯಲ್ಲಿ, ಅಣ್ಣನ ದನಿಯಲ್ಲಿ, ಹೆಸರು ಹಿಡಿದು ಕರೆಯುತ್ತಿತ್ತು. ಆಗ ಮಕ್ಕಳಾಗಿದ್ದವರಿಗೆ ಆ ಕಥೆ ಅಷ್ಟು ಆಳಕ್ಕೆ ಇಳಿದದ್ದು ಅದಕ್ಕೇ. ‘ಕೊರಲೈನ್’ ಅದೇ ನರವನ್ನು ಮುಟ್ಟುತ್ತದೆ. ರಾಕ್ಷಸನಿಂದ ಓಡಿ ಅಮ್ಮನ ಹತ್ತಿರ ಹೋಗಬಹುದು. ಅಮ್ಮನ ರೂಪದಲ್ಲೇ ಬಂದರೆ ಎಲ್ಲಿಗೆ ಓಡುವುದು? ನಿಮ್ಮ ಮಗಳು ರಾತ್ರಿ ನಿಮ್ಮ ಪಕ್ಕ ಬಿಟ್ಟು ಏಳುವುದಿಲ್ಲ ಅಂದಿರಿ. ಇವಳು ನನ್ನ ಅಮ್ಮನೇ ತಾನೇ ಅಂತ ಅವಳು ಖಾತ್ರಿ ಮಾಡಿಕೊಳ್ಳುತ್ತಿರಬಹುದು. ಆ ಖಾತ್ರಿ ಕೊಡಿ. ‘ಇಷ್ಟು ದೊಡ್ಡವಳಾಗಿ ಹೆದರ್ತೀಯಾ’ ಅನ್ನಬೇಡಿ.

ಆ ಗುಂಡಿ ಕಣ್ಣಿನ ಬಗ್ಗೆ ನಮ್ಮ ಕಸುಬಿನವರ ಒಂದು ಮಾತು ಹೇಳಬೇಕು. ಗೊಂಬೆಗೆ ಜೀವ ತರಲು ನಾವು ಮೊದಲು ಹಿಡಿಯುವುದು ಕಣ್ಣನ್ನು. ಏನು ಮಾಡುವ ಮೊದಲೂ ಗೊಂಬೆ ಅತ್ತ ನೋಡಬೇಕು, ರೆಪ್ಪೆ ಬಡಿಯಬೇಕು, ಆಮೇಲೆ ಕೈ ಚಾಚಬೇಕು. ಹಾಗೆ ಮಾಡಿದರೆ ‘ಇದು ಯೋಚನೆ ಮಾಡ್ತಿದೆ’ ಅಂತ ನೋಡುವವರಿಗೆ ಅನ್ನಿಸುತ್ತದೆ. ಇನ್ನೊಬ್ಬ ಅಮ್ಮನಿಂದ ಸೆಲಿಕ್ ತಂಡ ಆ ಕಣ್ಣನ್ನೇ ಕಿತ್ತುಕೊಂಡಿತು. ಹುಬ್ಬು ಏರುತ್ತದೆ, ತುಟಿ ನಗುತ್ತದೆ, ತಲೆ ವಾಲುತ್ತದೆ. ಆದರೆ ಎಲ್ಲಿ ನೋಡುತ್ತಿದ್ದಾಳೆ, ಏನು ಯೋಚಿಸುತ್ತಿದ್ದಾಳೆ ಗೊತ್ತಾಗುವುದೇ ಇಲ್ಲ. ನಗು ಕಾಣುತ್ತದೆ, ನಗುವಿನ ಹಿಂದೆ ಏನಿದೆ ಕಾಣದು. ಮೊದಲು ಅವಳು ನಿಜವಾದ ಅಮ್ಮನ ಹಾಗೇ ಇರುತ್ತಾಳೆ. ಕಥೆ ಮುಂದೆ ಹೋದ ಹಾಗೆ ಉದ್ದವಾಗುತ್ತಾಳೆ, ಸೊರಗುತ್ತಾಳೆ, ಕೊನೆಗೆ ಜೇಡರ ಹುಳದ ಕಾಲುಗಳ, ಬಿರುಕು ಬಿಟ್ಟ ಮುಖದ ಒಂದು ಪ್ರಾಣಿ. ಗುಂಡಿ ಮಾತ್ರ ಅವೇ ಗುಂಡಿ.

ಉಳಿದ ಪಾತ್ರಗಳ ಮುಖಭಾವ ಬಂದದ್ದು ಬೇರೆ ದಾರಿಯಲ್ಲಿ. ಕೊರಲೈನ್‌ಳ ಮುಖವನ್ನು ಎರಡು ತುಂಡು ಮಾಡಿದ್ದರು, ಹುಬ್ಬಿನ ಭಾಗ ಒಂದು, ಬಾಯಿಯ ಭಾಗ ಇನ್ನೊಂದು. ಒಂದೊಂದಕ್ಕೂ ನೂರಾರು ಬಗೆ. ಇವನ್ನು 3ಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿ, ನಸುಮಚ್ಚೆ ಸಮೇತ ಕೈಯಿಂದ ಬಣ್ಣ ಹಚ್ಚಿ, ಚಿತ್ರದಿಂದ ಚಿತ್ರಕ್ಕೆ ಬದಲಾಯಿಸುತ್ತಾ ಹೋದರು. ಹುಬ್ಬು ಬಾಯಿ ಬೇರೆ ಬೇರೆ ಜೋಡಿಸಿದರೆ 2 ಲಕ್ಷಕ್ಕೂ ಮೀರಿದ ಭಾವಗಳು ಸಿಗುತ್ತಿದ್ದವು. ಎರಡು ತುಂಡು ಕೂಡುವ ಗೆರೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. 3ಡಿ ಪ್ರಿಂಟ್ ಮುಖಗಳನ್ನು ಹೀಗೆ ಬಳಸಿದ ಮೊದಲ ಪೂರ್ಣ ಸಿನಿಮಾ ಇದು. ಈ ಕೆಲಸಕ್ಕೆ ಬ್ರಯಾನ್ ಮೆಕ್ಲೀನ್ ಮತ್ತು ಮಾರ್ಟಿನ್ ಮ್ಯೂನಿಯೇ ಅವರಿಗೆ 2016ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು.

ನೀವು ಗಮನಿಸಿರದ ಇನ್ನೊಂದು ಚಮತ್ಕಾರ ಇದೆ. ನಿಜದ ಮನೆಯ ಕೋಣೆಗಳನ್ನೂ ಆಚೆ ಮನೆಯ ಕೋಣೆಗಳನ್ನೂ ಬೇರೆ ಬೇರೆ ಕಟ್ಟಿದ್ದಾರೆ. ಕ್ಯಾಮೆರಾ ನಿಂತ ಜಾಗದಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ನಿಜದ ಮನೆಯ ಸೆಟ್‌ಗೆ ಆಳ ಕಮ್ಮಿ. ಗೋಡೆ, ನೆಲ ಓರೆಯಾಗಿಸಿ ಒತ್ತಿದ ಹಾಗೆ ಕಟ್ಟಿ, ಬಣ್ಣವನ್ನೂ ಬೂದು ಬೂದಾಗಿಸಿದ್ದಾರೆ. ಆಚೆ ಮನೆಯಲ್ಲಿ ನಿಜವಾದ ಆಳ, ಬೆಚ್ಚಗಿನ ಬಣ್ಣ. ಇಡೀ ಸಿನಿಮಾವನ್ನು 3ಡಿಯಲ್ಲಿ ತೆಗೆದದ್ದರಿಂದ ಥಿಯೇಟರಿನಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ ಕಾಣುತ್ತಿತ್ತು. 3ಡಿಗೆ ಎರಡು ಕ್ಯಾಮೆರಾ ಕೂಡ ಬೇಕಾಗಲಿಲ್ಲ. ಗೊಂಬೆ ಹೇಗೂ ಅಲುಗಾಡುವುದಿಲ್ಲವಲ್ಲ, ಛಾಯಾಗ್ರಾಹಕ ಪೀಟ್ ಕೊಜಾಚಿಕ್ ಅವರ ತಂಡ ಒಂದೇ ಕ್ಯಾಮೆರಾವನ್ನು ಚೂರು ಪಕ್ಕಕ್ಕೆ ಸರಿಸಿ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ತೆಗೆಯುತ್ತಿತ್ತು. ಮೊದಲ ಸಲ ಆ ಬಾಗಿಲು ದಾಟಿದಾಗ ನೋಡುವವರಿಗೂ ‘ಅಬ್ಬಾ, ಇಲ್ಲೇ ಇರೋಣ’ ಅನ್ನಿಸುತ್ತದೆ. ಹುಡುಗಿ ಯಾಕೆ ಮರುಳಾದಳು ಅಂತ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೆದರಿಸುವ ಸಿನಿಮಾ ಮಕ್ಕಳದ್ದು ಹೇಗಾಯಿತು ಅಂತ ನೀವು ಕೇಳಬಹುದು. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಇದು ಮಗುವಿಗೆ ಮೋಸ ಮಾಡದ ಸಿನಿಮಾ. ಕೊರಲೈನ್‌ಳನ್ನು ಯಾವ ರಾಜಕುಮಾರನೂ ಬಂದು ಬಿಡಿಸುವುದಿಲ್ಲ, ಮಾಯಾಮಂತ್ರ ಅವಳಿಗೆ ಬರುವುದಿಲ್ಲ. ಒಂದು ತೂತಿನ ಕಲ್ಲು, ಒಂದು ಬೆಕ್ಕು, ಸ್ವಂತ ಬುದ್ಧಿ, ಇಷ್ಟೇ ಬಂಡವಾಳ. ಪಕ್ಕದ ಮನೆಯ ಹುಡುಗ ವೈಬಿ, ಸಿನಿಮಾಕ್ಕೆ ಆಧಾರವಾದ ನೀಲ್ ಗೈಮನ್ ಅವರ ಪುಸ್ತಕದಲ್ಲಿ ಇಲ್ಲ. ಸಿನಿಮಾದಲ್ಲಿ ಹುಡುಗಿ ತನ್ನಷ್ಟಕ್ಕೆ ತಾನೇ ಮಾತಾಡುತ್ತಾ ಕೂರಬಾರದು ಅಂತ ಸೇರಿಸಿದ ಪಾತ್ರ. ಅವನು ಕೊನೆಯಲ್ಲಿ ಒಂದು ಕೈ ಕೊಡುತ್ತಾನೆ, ನಿಜ. ಆದರೆ ಆಚೆ ಲೋಕದ ಆಟವನ್ನು ಆಡಿ ಗೆಲ್ಲುವವಳು ಅವಳೇ. ಎದುರಿನವಳು ಗೆದ್ದರೂ ಮಾತು ಉಳಿಸಿಕೊಳ್ಳುವವಳಲ್ಲ ಅಂತ ಅರ್ಥವಾದಾಗ, ಅವಳನ್ನೇ ಮಾತಿನಲ್ಲಿ ಕೆಡವಿ ಬಾಗಿಲು ತೆಗೆಸುತ್ತಾಳೆ.

ನಿಮ್ಮ ಮಗಳಿಗೆ ಕಷ್ಟವಾಗುವ ಜಾಗ ಜೇಡದ ರೂಪ ಬರುವಲ್ಲಿ ಅಂತ ನೀವು ಅಂದುಕೊಂಡಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಅದಕ್ಕಿಂತ ಮೊದಲು ಒಂದು ಸಣ್ಣ ದೃಶ್ಯ ಇದೆ. ಅಪ್ಪ ಅಮ್ಮ ಕಾಣೆಯಾಗಿದ್ದಾರೆ. ಕೊರಲೈನ್ ಅವರ ಹಾಸಿಗೆಯಲ್ಲಿ ದಿಂಬುಗಳನ್ನು ಜೋಡಿಸಿ ಒಂದನ್ನು ಅಪ್ಪ, ಒಂದನ್ನು ಅಮ್ಮ ಅಂತ ಮಾಡಿಕೊಳ್ಳುತ್ತಾಳೆ. ಮಧ್ಯೆ ಮಲಗಿ ಅಳುತ್ತಾಳೆ. ಯಾವ ದೆವ್ವವೂ ಇಲ್ಲ ಅಲ್ಲಿ. ದೊಡ್ಡವರಿಗೇ ಗಂಟಲು ಕಟ್ಟುತ್ತದೆ. ಆಗ ನೀವು ಪಕ್ಕದಲ್ಲಿ ಇರಲೇಬೇಕು, ಅಡುಗೆಮನೆಯಲ್ಲಿ ಅಲ್ಲ. ಕೈ ಹಿಡಿದುಕೊಳ್ಳಿ, ಸಾಕು.

ನೋಡುವ ರೀತಿಯ ಬಗ್ಗೆ ಜಾಸ್ತಿ ನಿಯಮ ಬೇಡ. ಹಗಲಲ್ಲಿ ನೋಡಿ, ಕಿಟಕಿ ಪರದೆ ತೆರೆದಿರಲಿ. ರಿಮೋಟ್ ಮಗಳ ಕೈಯಲ್ಲಿರಲಿ, ಬೇಕೆಂದಾಗ ಅವಳೇ ನಿಲ್ಲಿಸಲಿ. ನಿಲ್ಲಿಸುವ ಅಧಿಕಾರ ತನ್ನದು ಅಂತ ಗೊತ್ತಿದ್ದರೆ ಮಕ್ಕಳಿಗೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಆದರೆ ಆ ದಿನವೇ ಕೊನೆಯವರೆಗೆ ನೋಡಿ ಮುಗಿಸಿ, ನಾಳೆಗೆ ಉಳಿಸಬೇಡಿ. ಅದಕ್ಕೂ ಮೊದಲು ನೀವೊಬ್ಬರೇ ಒಂದು ಸಲ ಪೂರ್ತಿ ನೋಡಿಕೊಳ್ಳಿ. ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ: ಆಚೆ ಲೋಕದಲ್ಲಿ ಇಬ್ಬರು ಹಳೇ ನಾಟಕದ ನಟಿಯರು ಬಹಳ ಕಮ್ಮಿ ಬಟ್ಟೆಯಲ್ಲಿ ವೇದಿಕೆ ಮೇಲೆ ಹಾಡುವ ತಮಾಷೆಯ ದೃಶ್ಯವೊಂದಿದೆ. ಅಮೆರಿಕದಲ್ಲಿ ಸಿನಿಮಾಕ್ಕೆ ಕೊಟ್ಟ ದರ್ಜೆ ಪಿಜಿ, ಅಂದರೆ ಕೆಲವು ದೃಶ್ಯ ಮಕ್ಕಳಿಗೆ ಹೊಂದದೆ ಇರಬಹುದು, ತಂದೆ ತಾಯಿ ನೋಡಿ ತೀರ್ಮಾನಿಸಿ ಅಂತ. ಆರು ವರ್ಷದೊಳಗಿನ ಮಕ್ಕಳಿಗೆ ನಾನಂತೂ ತೋರಿಸುವುದಿಲ್ಲ. ನಿಮ್ಮ ಮಗಳ ಜೊತೆ ತಮ್ಮನೋ ತಂಗಿಯೋ ಇದ್ದರೆ ಅವರನ್ನು ಆ ಹೊತ್ತು ಅಜ್ಜಿ ಮನೆಗೆ ಕಳಿಸಿ.

ಮುಗಿದ ಮೇಲೆ ‘ಕಥೆಯ ನೀತಿ ಏನು’ ಅಂತ ಕೇಳಬೇಡಿ, ದಯವಿಟ್ಟು. ಕೈಗವಸಿನ ಬಗ್ಗೆ ಕೇಳಿ. ಯೂನಿಫಾರ್ಮ್ ತರಲು ಅಂಗಡಿಗೆ ಹೋದಾಗ ಕೊರಲೈನ್ ಬಣ್ಣದ ಪಟ್ಟೆಯ ಕೈಗವಸು ಬೇಕು ಅನ್ನುತ್ತಾಳೆ, ಅಮ್ಮ ಕೊಡಿಸುವುದಿಲ್ಲ. ಇನ್ನೊಬ್ಬ ಅಮ್ಮ ಕೇಳುವ ಮೊದಲೇ ಎಲ್ಲ ಕೊಡುತ್ತಾಳೆ. ಕೊನೆಯಲ್ಲಿ ಆ ಕೈಗವಸು ಎಲ್ಲಿ ಸಿಗುತ್ತದೆ, ಯಾರು ತಂದಿಟ್ಟರು ಅಂತ ಮಗಳು ಗಮನಿಸಿದಳಾ ನೋಡಿ. ನೀವೂ ಎಷ್ಟೋ ಸಲ ‘ಬೇಡ, ಈಗಾಗಲ್ಲ’ ಅಂದಿರುತ್ತೀರಿ. ಅವಳೇ ಏನಾದರೂ ಹೇಳಬಹುದು. ಹೇಳದಿದ್ದರೂ ಪರವಾಗಿಲ್ಲ.

ಆ ವಾರದ ರಜೆಯಲ್ಲಿ ಒಂದು ಕೆಲಸ ಮಾಡಿ. ಇದು ನನಗೆ ಬಹಳ ಮುಖ್ಯ ಅನ್ನಿಸುವ ಸಲಹೆ. ಅವಳ ಕೈಯಲ್ಲೇ ಒಂದು ಗೊಂಬೆ ಸಿನಿಮಾ ಮಾಡಿಸಿ. ಗೊಂಬೆಯನ್ನು ತಾನೇ ಕದಲಿಸಿದ ಮಗು, ಪರದೆಯ ಮೇಲಿನ ಗೊಂಬೆಯ ಹಿಂದೆಯೂ ಒಂದು ಕೈ ಇದೆ ಅನ್ನುವುದನ್ನು ಮರೆಯುವುದಿಲ್ಲ. ಕಲಿಸುವಾಗ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಕ್ಕಳು ಹೆದರಿಕೆಯಿಂದ ನೇರವಾಗಿ ‘ಇದನ್ನು ಹೇಗೆ ಮಾಡಿದರು’ ಎಂಬ ಪ್ರಶ್ನೆಗೆ ದಾಟಿಬಿಡುತ್ತಾರೆ.

ಮೊಬೈಲ್ ಸಾಕು. ‘ಸ್ಟಾಪ್ ಮೋಷನ್ ಸ್ಟುಡಿಯೊ’ ಎಂಬ ಆ್ಯಪ್ ಹಾಕಿಕೊಳ್ಳಿ, ಅದರ ಸಾದಾ ಆವೃತ್ತಿಗೆ ದುಡ್ಡಿಲ್ಲ. ಮೊಬೈಲನ್ನು ಪುಸ್ತಕಗಳ ನಡುವೆ ಕದಲದ ಹಾಗೆ ನಿಲ್ಲಿಸಿ, ಟೇಪ್ ಹಾಕಿ. ಫೋನ್ ಬಂದರೆ ಕೈ ತಾಗಿ ಎಲ್ಲ ಹಾಳಾಗುತ್ತದೆ, ಏರೋಪ್ಲೇನ್ ಮೋಡ್‌ಗೆ ಹಾಕಿ. ಕಿಟಕಿಯ ಬಿಸಿಲಿನಲ್ಲಿ ಮಾಡಬೇಡಿ. ಮೋಡ ಬಂದು ಹೋದ ಹಾಗೆಲ್ಲ ಬೆಳಕು ಬದಲಾಗಿ ಸಿನಿಮಾ ಮಿಣುಕುತ್ತದೆ. ಪರದೆ ಎಳೆದು ಒಂದು ಟೇಬಲ್ ಲ್ಯಾಂಪ್ ಹಚ್ಚಿಡಿ. ಬಿಳಿ ಅಂಗಿ ಹಾಕಿಕೊಂಡು ಹತ್ತಿರ ನಿಂತರೂ ಅದರ ಬೆಳಕು ಗೊಂಬೆ ಮೇಲೆ ಬೀಳುತ್ತದೆ, ಹಾಗಾಗಿ ಕಪ್ಪು ಬಟ್ಟೆ ಹಾಕಿಕೊಳ್ಳುವುದು ನಮ್ಮ ಕಸುಬಿನ ರೂಢಿ.

ಸೆಕೆಂಡಿಗೆ 12 ಚಿತ್ರ ಇಟ್ಟುಕೊಳ್ಳಿ, ಮಕ್ಕಳಿಗೆ ಅಷ್ಟು ಸಾಕು. ಹತ್ತು ಸೆಕೆಂಡಿನ ಕಥೆಗೆ 120 ಫೋಟೊ. ಮೊದಲ ಗೊಂಬೆಗೆ ಕೈಕಾಲು ಇರದಿದ್ದರೇ ಒಳ್ಳೆಯದು. ಮನೆಯಲ್ಲಿ ಚನ್ನಪಟ್ಟಣದ ಮರದ ಗೊಂಬೆ ಇದ್ದೇ ಇರುತ್ತದಲ್ಲ, ಅದು ಮೇಜಿನ ಮೇಲೆ ಜಾರುತ್ತಾ ಬಂದು, ನಿಂತು, ಆ ಕಡೆ ಈ ಕಡೆ ತಿರುಗಿ ನೋಡಿ, ಒಂದು ಡಬ್ಬಿಯ ಹಿಂದೆ ಅಡಗಿಕೊಳ್ಳಲಿ. ನಡುವೆ ಎಲ್ಲಾದರೂ ಆರೇಳು ಫೋಟೊ ಗೊಂಬೆಯನ್ನು ಮುಟ್ಟದೆ ತೆಗೆಯಲು ಹೇಳಿ. ಓಡಿಸಿ ನೋಡಿದಾಗ ಗೊಂಬೆ ಅಲ್ಲಿ ನಿಂತು ಏನೋ ಯೋಚಿಸಿದ ಹಾಗೆ ಕಾಣುತ್ತದೆ. ಮಗಳ ಮುಖ ಆಗ ನೋಡಬೇಕು! ಆಮೇಲೆ ಅಂಗಡಿಯಲ್ಲಿ ಸಿಗುವ ಎಣ್ಣೆ ಅಂಶದ ಬಣ್ಣದ ಕ್ಲೇ ತನ್ನಿ. ಜೇಡಿಮಣ್ಣು ಬೇಡ, ಒಣಗಿ ಬಿರಿಯುತ್ತದೆ. ಗುಂಡಿ ಕಣ್ಣಿನ ಗೊಂಬೆ ಮಾಡಬೇಕು ಅಂತ ಅವಳೇ ಹೇಳಿದರೆ ತಡೆಯಬೇಡಿ, ಹಳೇ ಅಂಗಿಯ ಗುಂಡಿ ಹುಡುಕಿ ಕೊಡಿ.

ಕೊನೆಯದಾಗಿ, ಇದೇ ಜಾತಿಯ ಬೇರೆ ಸಿನಿಮಾಗಳು. ‘ಕೊರಲೈನ್’ ಈಗಲೇ ಬೇಡ ಅಂತ ಮಗಳೇ ಅಂದರೆ ‘ವಾಲೆಸ್ ಆ್ಯಂಡ್ ಗ್ರೋಮಿಟ್: ದಿ ಕರ್ಸ್ ಆಫ್ ದಿ ವೇರ್-ರ್‍ಯಾಬಿಟ್’ ಇಂದ ಶುರುಮಾಡಿ. ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೊದ ಕ್ಲೇ ಗೊಂಬೆಗಳು, 2005ರದ್ದು. ಹುಣ್ಣಿಮೆ ರಾತ್ರಿ ದೈತ್ಯ ಮೊಲವೊಂದು ಊರಿನ ತರಕಾರಿ ತೋಟಗಳಿಗೆ ನುಗ್ಗುವ ಕಥೆ. ಹಳೇ ಹಾರರ್ ಸಿನಿಮಾಗಳ ಕತ್ತಲು, ಮಂಜು ಎಲ್ಲ ಇದೆ, ಆದರೆ ನಗುವೇ ಜಾಸ್ತಿ. ಅದಾದ ಮೇಲೆ ಸೆಲಿಕ್ ಅವರೇ 1993ರಲ್ಲಿ ನಿರ್ದೇಶಿಸಿದ ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ನೋಡಬಹುದು. ಅದು ಟಿಮ್ ಬರ್ಟನ್ ನಿರ್ದೇಶಿಸಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಕಥೆ ಹುಟ್ಟಿದ್ದು ಮತ್ತು ನಿರ್ಮಾಣ ಬರ್ಟನ್ ಅವರದ್ದು, ಸೆಟ್‌ನಲ್ಲಿ ನಿಂತು ಸಿನಿಮಾ ಮಾಡಿಸಿದ್ದು ಸೆಲಿಕ್. ಲೈಕಾದ 2012ರ ‘ಪ್ಯಾರಾನಾರ್ಮನ್’ ನನಗೆ ಬಹಳ ಇಷ್ಟ. ಸತ್ತವರ ಜೊತೆ ಮಾತಾಡಬಲ್ಲ ಹುಡುಗನ ಕಥೆ, ಮುಖಗಳು ಪ್ರಿಂಟರಿನಿಂದಲೇ ಬಣ್ಣ ಹೊತ್ತು ಬಂದ ಮೊದಲ ಸಿನಿಮಾ. ಆದರೆ ಅದರಲ್ಲಿ ಹಿಂದೆ ಒಂದು ಮಗುವಿಗೆ ಆದ ಅನ್ಯಾಯದ ವಿಷಯ ಬರುತ್ತದೆ, ಅದನ್ನು ಕೂತು ಮಾತಾಡಬೇಕಾಗುತ್ತದೆ. ಅದಕ್ಕೆ ಮಗಳಿಗೆ ಹತ್ತು ತುಂಬಲಿ.